ಬೈಗುಳದ ನೆಂಟ

"ಬೆಲಿಟಾ ಎನ್‌ಜೋವು. ಇವತ್ತೇ ಅವಳನ್ನ ಕರ್ಕೊಂಡು ಹೋಗ್ತೀನಿ," ಎಂದರು ಕಮಾಂಡರ್ ಹಮೂಂಗಾ ಮೇಡಂ ಫೋನಿನಲ್ಲಿ. "ಚಿಪಾಟಾದಿಂದ ಹೊರಟಾಯ್ತು. ಟೀ ಹೊತ್ತಿಗೆ ತೆಪ್ಪದಲ್ಲಿ ಜೀಪು ದಾಟಿಸಿಕೊಂಡು ಅಲ್ಲಿರ್ತೀನಿ. ಅಷ್ಟರಲ್ಲಿ ಬೇರೆ ಹೆಸರು ಸಿಕ್ಕರೆ ಹೇಳಿ ಜೆರೆ. ಇಲ್ಲಾಂದ್ರೆ ನೀವೇ ಕೋಳ ಹಾಕಿ ರೆಡಿ ಇಟ್ಟಿರಿ."

"ಮೇಡಂ, ದೋಣೀಲಿ ಸಿಕ್ಕಿದ್ದು ಒಂದು ಚಿತೆಂಗೆ ಬಟ್ಟೆ. ಹೆಂಗಸರು ಸೊಂಟಕ್ಕೆ ಸುತ್ತಿಕೊಳ್ಳೋದು. ಬಟ್ಟೆ ಕೊಲೆ ಮಾಡಲ್ಲ."

"ಯಾರದು ಬಟ್ಟೆ?"

"ಅವಳದ್ದೇ."

"ಅವತ್ತು ಸಂಜೆ ಎಲ್ಲಿದ್ದೆ ಅಂದ್ರೆ ಏನಂತಾಳೆ?"

"ಬಾಯೇ ಬಿಡಲ್ಲ."

"ಮತ್ತೆ ನಿಮಗೆ ಯಾಕೆ ಅಷ್ಟು ಮರುಕ?"

ನಾನು ಉತ್ತರ ಹುಡುಕುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಒಳ್ಳೆಯದೇ ಆಯಿತು. ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದ ಉತ್ತರ ಕಮಾಂಡರಿಗೆ ಹೇಳುವಂಥದ್ದಲ್ಲ. ಐದು ವರ್ಷದ ಹಿಂದೆ ಬೆಲಿಟಾ ನನ್ನ ಹೆಂಡತಿಯಾಗಬೇಕಿತ್ತು. ನಮ್ಮ ಮನೆಯವರು ಹೆಣ್ಣಿನ ತೆರಕ್ಕೆ ಹಸು ಗೊತ್ತು ಮಾಡಿದ್ದರು, ಅವಳ ಮನೆಯವರು ದಿನ ಗೊತ್ತು ಮಾಡಿದ್ದರು. ಅಷ್ಟರಲ್ಲಿ ಅವಳಿಗೆ ಈ ಮಸಾವು ಲಾಡ್ಜಿನಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿತು. ಇಲ್ಲಿ ಕಾಡು ತೋರಿಸುವ ಗೈಡ್ ಲಾಮೆಕ್ ಸೋಕೊ ಇದ್ದ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಅದು ನನ್ನ ಕಥೆ. ಈಗ ಆ ಸೋಕೊ ಸತ್ತಿದ್ದಾನೆ. ಅವನ ದೋಣಿ ನೀರಾನೆಗಳ ಮಡುವಿನಲ್ಲಿ ಸುಮ್ಮನೆ ಸುತ್ತುತ್ತಿತ್ತು, ದೋಣಿಯೊಳಗೆ ಅವನು, ತಲೆಯ ಹಿಂಭಾಗಕ್ಕೆ ಬಲವಾದ ಪೆಟ್ಟು. ಅವನನ್ನು ಕೊಂದವರನ್ನು ಹುಡುಕಲು ನನ್ನನ್ನೇ ಕಳಿಸಿದ್ದಾರೆ. ದೇವರಿಗೂ ಒಮ್ಮೊಮ್ಮೆ ಚೇಷ್ಟೆ ಮಾಡಬೇಕು ಅನ್ನಿಸುತ್ತದೆ.

ನನಗೆ ಕೊಟ್ಟಿದ್ದದ್ದು ಅತಿಥಿಗಳ ಟೆಂಟೇ. ಟೆಂಟು ಅಂದರೆ ಬಟ್ಟೆಯ ಅರಮನೆ. ಮಂಚ ನಮ್ಮ ಠಾಣೆಯ ಲಾಕಪ್ಪಿನಷ್ಟು ಅಗಲ. ಸ್ನಾನದ ತೊಟ್ಟಿ ಹೊರಗೆ ಜಗಲಿಯಲ್ಲಿ, ನೇರ ಲುವಾಂಗ್ವಾ ನದಿಗೆ ಮುಖ ಮಾಡಿ. ಇಲ್ಲಿ ಒಂದು ರಾತ್ರಿ ಮಲಗುವುದಕ್ಕೆ ಜನ ಕೊಡುವ ದುಡ್ಡು ನನ್ನ ಎಷ್ಟು ತಿಂಗಳ ಸಂಬಳ ಅಂತ ಲೆಕ್ಕ ಹಾಕಲು ಹೋಗಿ, ಹೊಟ್ಟೆ ಉರಿದು ಅರ್ಧಕ್ಕೇ ಬಿಟ್ಟೆ. ಸೋಕೊ ಹತ್ತು ವರ್ಷ ಈ ಜಗಲಿಗಳ ಮೇಲೆ ನಿಂತು ದುರ್ಬೀನು ಹಿಡಿದು "ಅಗೋ ಚಿರತೆ" ಎಂದಿದ್ದ. ಅತಿಥಿಗಳು ಮುಂದಿನ ವರ್ಷ ಬರುವಾಗ "ಸೋಕೊ ಇದ್ದಾನಾ?" ಎಂದು ಕೇಳಿ ರೂಮು ಹಿಡಿಯುತ್ತಿದ್ದರಂತೆ. ನನ್ನನ್ನು ಯಾರಾದರೂ ಹಾಗೆ ಕೇಳಿಕೊಂಡು ಠಾಣೆಗೆ ಬಂದದ್ದುಂಟಾ?

ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು ಅಂತ ಗೊತ್ತು. ಆದರೂ ಪಟ್ಟೆ.

ಬೆಳಿಗ್ಗೆ ಅವನ ಮಣ್ಣಿಗೆ ಹೋಗಿದ್ದೆ. ಸೋಕೊ ನನ್ನ ಹಾಗೇ ಅಂಗೋನಿ ಬುಡಕಟ್ಟಿನವನು. ನಮ್ಮವರಿಗೂ ಬೆಂಬಾ ಜನಕ್ಕೂ ಮುತ್ತಜ್ಜಂದಿರ ಕಾಲದಲ್ಲಿ ದೊಡ್ಡ ಯುದ್ಧ ನಡೆದಿತ್ತು. ಆ ಯುದ್ಧವೇ ಈಗ ಚಿಂಬುಯಾ ಆಗಿದೆ, ಬೈಗುಳದ ನೆಂಟಸ್ತಿಕೆ. ಬೆಂಬಾ ನನ್ನನ್ನು ಇಲಿ ತಿನ್ನುವವನೇ ಎಂದು ಬೈದರೂ, ನನ್ನ ತಟ್ಟೆಯ ಮಾಂಸ ಎತ್ತಿಕೊಂಡು ಓಡಿದರೂ ನಾನು ಸಿಟ್ಟಾಗುವ ಹಾಗಿಲ್ಲ. ಸಿಟ್ಟಾದರೆ ನಾನೇ ಕೀಳು ಮನುಷ್ಯ. ಸಾವಿನ ಮನೆಯಲ್ಲಂತೂ ಅವರು ಬಂದು ಹೆಣಕ್ಕೇ ಬೈದು ನಗಿಸಬೇಕು. ಅದು ಅವರ ಹಕ್ಕು, ಸತ್ತವನಿಗೆ ಮರ್ಯಾದೆ.

ಶಾಲೆ ಮೇಷ್ಟ್ರು ಬ್ವಾಲ್ಯ ಬೆಂಬಾ. ಆತ ಬಂದವನೇ ಗುಂಡಿಯ ಪಕ್ಕದ ಮಣ್ಣಿನ ರಾಶಿಯ ಮೇಲೆ ಉದ್ದಕ್ಕೆ ಮಲಗಿಬಿಟ್ಟ. "ಈ ಇಲಿ ತಿನ್ನೋನಿಗೆ ಇಷ್ಟು ದೊಡ್ಡ ಗುಂಡಿ ಯಾಕ್ರೋ? ಇಲಿ ಬಿಲ ಸಾಕಾಗಿತ್ತು! ನಾನು ಏಳಲ್ಲ. ನಾಣ್ಯ ಹಾಕಿ, ಏಳ್ತೀನಿ!"

ಅಳುತ್ತಿದ್ದ ಹೆಂಗಸರು ಕಣ್ಣೀರಿನಲ್ಲೇ ನಕ್ಕರು. ಯಾರೋ ನಾಣ್ಯ ಎಸೆದರು.

"ಕಪಾಂಬ್ವೆ, ಬಾರೋ!" ಎಂದು ಕೂಗಿದ ಬ್ವಾಲ್ಯ. "ನಾನೊಬ್ಬನೇ ಎಷ್ಟು ಅಂತ ಬೈಲಿ? ನೀನೂ ಬಂದು ಮಲಗು."

ಕಪಾಂಬ್ವೆ ಲಾಡ್ಜಿನ ಅಡುಗೆಯವನು. ಕಸಾಮಾ ಕಡೆಯ ಬೆಂಬಾ, ಬೈಗುಳದಲ್ಲಿ ಅವನ ನಾಲಗೆಗೆ ಎದುರಿಲ್ಲ. ಸೋಕೊ ಬದುಕಿದ್ದಾಗ ದಿನವೂ ಅವನಿಗೆ ಅಭಿಷೇಕ. ಅಂಥವನು ಇವತ್ತು ಟೋಪಿ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ. ತಲೆ ಅಲ್ಲಾಡಿಸಿದ. ಅವನ ಕಣ್ಣು ಗುಂಡಿಯ ಮೇಲೆ ಇರಲಿಲ್ಲ, ಬೆಲಿಟಾಳ ಮೇಲಿತ್ತು.

ನನ್ನ ಕಣ್ಣಿಗೆ ಬಿದ್ದದ್ದು ಅದೊಂದೇ. ಪೊಲೀಸಿನವನ ಕಣ್ಣಾಗಿದ್ದರೆ ಬೇರೆಯದನ್ನೂ ನೋಡುತ್ತಿತ್ತು.

ಫೋನ್ ಇಟ್ಟವನು ನೇರ ಅಡುಗೆಮನೆಗೆ ಹೋದೆ. ಕಪಾಂಬ್ವೆ ದೊಡ್ಡ ಚಾಕುವಿನಲ್ಲಿ ಮೀನಿನ ಹೊಟ್ಟೆ ಸೀಳುತ್ತಿದ್ದ.

"ಬಂದ್ಯಾ ಇಲಿ ಸಾಹೇಬ? ಮೂಲೇಲಿ ಬೋನು ಇದೆ, ಹುಷಾರು."

"ಮಂಗ ತಿನ್ನೋ ಬೆಂಬಾ ಕೈಲಿ ಅಡುಗೆ ಮಾಡಿಸ್ತಾರಲ್ಲ, ಈ ಬಿಳಿಯರಿಗೆ ಗೊತ್ತಾ, ಸಾರಲ್ಲಿ ಏನು ಬಿದ್ದಿದೆ ಅಂತ?"

"ನಿನಗೆ ಹಾಕೋದರಲ್ಲಿ ಮಾತ್ರ ಬಾಲ ಸೇರಿಸ್ತೀನಿ. ಕೂತ್ಕೋ. ನ್ಶಿಮಾ ಮುದ್ದೆ ಬಿಸಿ ಇದೆ."

ಕೂತೆ. ಬೈಗುಳ ಕೇಳಿದರೆ ಮೈ ಹಗುರವಾಗುತ್ತದೆ, ಏನು ಮಾಡುವುದು, ಹಾಗೆ ಬೆಳೆದವರು ನಾವು. ಅವನನ್ನು ನಾನು ಬಲ್ಲೆ, ಸಾಮಾನು ತರಲು ಚಿಪಾಟಾಕ್ಕೆ ಬಂದಾಗಲೆಲ್ಲ ಕಪಾಟಾ ಸಂತೆಯಲ್ಲಿ ಸಿಕ್ಕಿ ಬೈದುಕೊಂಡು ಬಿಯರ್ ಕುಡಿದವರು.

"ಕಪಾಂಬ್ವೆ, ಒಂಬತ್ತನೇ ಟೆಂಟಿನ ಡಚ್ ಮುದುಕಿ ನಿನ್ನ ಮೇಲೆ ದೂರು ಕೊಟ್ಟಿದ್ದಾಳೆ. ಸೋಕೊ ಸತ್ತ ದಿನ ಮಧ್ಯಾಹ್ನ ನೀನು ಅವನಿಗೆ 'ನಿನ್ನ ಮೊಸಳೆಗೆ ಹಾಕ್ತೀನಿ' ಅಂದ್ಯಂತೆ."

"ಅಂದೆ. ಹಿಂದಿನ ದಿನ ಹೈನಾಗೆ ಹಾಕ್ತೀನಿ ಅಂದಿದ್ದೆ. ಅದನ್ನ ಕೇಳಿಸಿಕೊಂಡಿಲ್ವಾ ಮುದುಕಿ?"

ಪಾತ್ರೆ ತೊಳೆಯುತ್ತಿದ್ದ ಇಬ್ಬರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಆ ಮುದುಕಿಯ ಮಾತು ಕೇಳಿದ ದಿನವೂ ನಕ್ಕಿದ್ದೆ. "ಅಮ್ಮಾ, ಅವರು ಬೈಗುಳದ ನೆಂಟರು" ಎಂದು ವಿವರಿಸಿದಾಗ ಅವಳು ನನ್ನನ್ನೇ ಹುಚ್ಚನ ಹಾಗೆ ನೋಡಿದ್ದಳು. "ಇನ್‌ಸ್ಪೆಕ್ಟರ್, ನಾನು ಅವನ ಮಾತು ಮಾತ್ರ ಕೇಳಲಿಲ್ಲ, ಮುಖಾನೂ ನೋಡಿದೆ," ಎಂದಿದ್ದಳು.

"ಸಂಜೆ ಎಲ್ಲಿದ್ದೆ?"

"ಎಲ್ಲಿರ್ತೀನಿ? ಒಲೆ ಮುಂದೆ. ಊಟ ಮಾಡ್ತಾ ಅತಿಥಿಗಳು ಏನಂತಾರೆ ಗೊತ್ತಾ? 'ಇವತ್ತು ಸೋಕೊ ನಮಗೆ ಚಿರತೆ ತೋರಿಸಿದ!' ಬೆಳಗಿಂದ ಬೇಯಿಸಿದವನು ಇಲ್ಲಿ. ಪೊದೆ ಕಡೆ ಬೆರಳು ತೋರಿಸಿದವನಿಗೆ ಚಪ್ಪಾಳೆ." ಚಾಕು ಹಲಗೆಗೆ ಬಡಿಯಿತು. "ಚಿರತೆ ಏನು ಅವನು ಹೆತ್ತದ್ದಾ?"

ಈ ಮಾತಿನಲ್ಲಿ ನಗು ಇರಲಿಲ್ಲ. ಆದರೆ ನನಗೆ ಅದು ಎಷ್ಟು ಹಿತವಾಗಿತ್ತೆಂದರೆ, ಅನುಮಾನ ಪಡುವ ಬದಲು ತಲೆಯಾಡಿಸಿದೆ. ನನ್ನ ಹೊಟ್ಟೆಯ ಉರಿಯನ್ನು ಇನ್ನೊಬ್ಬ ಬಾಯಿಬಿಟ್ಟು ಹೇಳಿದರೆ ಯಾರಿಗೆ ಬೇಡ?

"ಬೆಳಿಗ್ಗೆ ಮಣ್ಣಲ್ಲಿ ಯಾಕೆ ಸುಮ್ಮನಿದ್ದೆ? ಬ್ವಾಲ್ಯ ಅಷ್ಟು ಕರೆದ."

ಚಾಕು ನಿಂತಿತು.

"ತಲೆ ನೋಯ್ತಿತ್ತು."

ಆಗ ಬೆಲಿಟಾ ಒಳಗೆ ಬಂದಳು. ಕಪ್ಪು ಬಟ್ಟೆ, ತಲೆಗೆ ಕಪ್ಪು ವಸ್ತ್ರ. ನನ್ನನ್ನು ನೋಡಿದರೂ ನೋಡದವಳ ಹಾಗೆ ಅವನ ಹತ್ತಿರ ಹೋಗಿ, ಕೆನ್ನೆಗೆ ಅಂಟಿದ್ದ ಮೀನಿನ ಪೊರೆಯನ್ನು ಹೆಬ್ಬೆರಳಲ್ಲಿ ಒರೆಸಿದಳು. "ಏನಾದ್ರೂ ತಿಂದ್ಯಾ? ನಿನ್ನೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ," ಎಂದಳು ಮೆಲ್ಲಗೆ.

ನಾನು ನ್ಶಿಮಾ ತಟ್ಟೆ ಪಕ್ಕಕ್ಕೆ ತಳ್ಳಿದೆ. ಸೋಕೊನ ಗುಂಡಿಯ ಮಣ್ಣು ಇನ್ನೂ ಒಣಗಿಲ್ಲ!

"ಟೀ ಹೊತ್ತಿಗೆ ಜೀಪು ಬರ್ತಿದೆಯಂತೆ, ನನ್ನನ್ನ ಕರ್ಕೊಂಡು ಹೋಗೋಕೆ," ಎಂದಳು ಅವನಿಗೆ. ಮಳೆ ಬರುತ್ತಿದೆಯಂತೆ ಎಂದ ಹಾಗೆ.

ಕಪಾಂಬ್ವೆಯ ಮುಖ ಕಪ್ಪಿಟ್ಟಿತು. ಏಪ್ರನ್ ಕಿತ್ತು ಗೂಟಕ್ಕೆ ಹಾಕಿದ. "ತೆಪ್ಪದ ಹತ್ತಿರ ಐಸು ಬಂದಿದೆ, ತರಬೇಕು," ಎಂದು ಗೊಣಗಿ, ಸಾಮಾನಿನ ಗಾಡಿ ಹತ್ತಿ ಹೊರಟೇಹೋದ. ನನಗೆ ಒಂದು ಬೈಗುಳವನ್ನೂ ಬಿಡದೆ.

ಬೆಲಿಟಾಳನ್ನು ನದಿಯ ಕಡೆಯ ಜಗಲಿಗೆ ಕರೆದೆ. ಅತಿಥಿಗಳೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಕೆಳಗೆ ಮರಳಿನ ಮೇಲೆ ಮೊಸಳೆಗಳು ಬಾಯಿ ತೆರೆದು ಬಿದ್ದಿದ್ದವು.

"ಕೂತ್ಕೊಳ್ಳಿ ಅಮಾಯಿ," ಎಂದೆ ಬಿಗುವಾಗಿ, ಅಪರಿಚಿತ ಹೆಂಗಸಿಗೆ ಮರ್ಯಾದೆ ಕೊಡುವ ಹಾಗೆ.

"ಯಾರೂ ಇಲ್ಲ. ಅಮಾಯಿ ಗಿಮಾಯಿ ಬಿಡು. ಬೈಯಬೇಕಾ, ಬೈದುಬಿಡು."

"ಎಷ್ಟು ದಿನದಿಂದ ನಡೀತಿದೆ?"

"ಏನು?"

"ಆ ಅಡುಗೆಯವನ ಜೊತೆ. ಸೋಕೊಗೆ ಗೊತ್ತಾಯ್ತು, ಅಲ್ವಾ? ಜಗಳ ಆಯ್ತು. ಕಪಾಂಬ್ವೆ ಹೊಡೆದ. ನೀನು ಅವನಿಗೋಸ್ಕರ ಬಾಯಿ ಮುಚ್ಚಿಕೊಂಡು ಜೈಲಿಗೆ ಹೋಗೋಕೆ ತಯಾರಾಗಿದ್ದೀಯ. ನನಗೋಸ್ಕರ ಒಂದು ನದಿ ದಾಟಿ ಬರಲಿಲ್ಲ ನೀನು. ಮೀನು ಸೀಳೋನಿಗೋಸ್ಕರ ಜೈಲು!"

ಪೊಲೀಸ್ ವಿಚಾರಣೆ ಎಲ್ಲಿ ಮುಗಿದು ಐದು ವರ್ಷದ ಹೊಟ್ಟೆಯುರಿ ಎಲ್ಲಿ ಶುರುವಾಯಿತೋ ನನಗೇ ತಿಳಿಯಲಿಲ್ಲ. ಧ್ವನಿ ಏರಿತ್ತು. ಒಂದು ಮೊಸಳೆ ನೀರಿಗೆ ಜಾರಿತು.

ಬೆಲಿಟಾ ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಮೂರು ದಿನದಲ್ಲಿ ಮೊದಲ ಸಲ ಇರಬೇಕು, ನಗು ಅಳುವಿನ ಹಾಗೆ ಕೇಳಿಸಿತು.

"ಡೌಜೆನಿ, ನೀನು ಪೊಲೀಸ್ ಹೇಗಾದೆ? ಕಪಾಂಬ್ವೆ ನಮ್ಮ ದೊಡ್ಡಮ್ಮನ ಮಗ. ನನ್ನ ಅಣ್ಣ."

"ಸುಳ್ಳು. ಅವನು ಬೆಂಬಾ."

"ಅವನಪ್ಪ ಬೆಂಬಾ. ಹೆಸರು ಅಪ್ಪನದು, ಬೆಳೆದದ್ದು ಕಸಾಮಾದಲ್ಲಿ, ಭಾಷೆ ಅಲ್ಲಿಯದು. ತಾಯಿ ನಮ್ಮ ಅಮ್ಮನ ಅಕ್ಕ, ಈ ನದೀ ದಡದ ಕುಂಡ ಜನದವಳು. ನಮ್ಮಲ್ಲೂ ಬೆಂಬಾ ಜನರಲ್ಲೂ ಮಕ್ಕಳು ಯಾರಿಗೆ ಸೇರ್ತಾರೆ?"

"ತಾಯಿಗೆ," ಎಂದೆ. ಈ ಕಣಿವೆಯಲ್ಲಿ ಕೂಸಿಗೂ ಗೊತ್ತಿರುವ ಉತ್ತರ.

"ಒಂದೇ ಮನೆಯ ಇಬ್ಬರಿಗೆ ಇಲ್ಲಿ ಕೆಲಸ ಕೊಡಲ್ಲ. ಅದಕ್ಕೇ ಮುಚ್ಚಿಟ್ವಿ. ಅವನು ಬೆಂಬಾ ಅಂತ ಎಲ್ಲರೂ ಅಂದುಕೊಂಡರು, ಅವನೂ ಹೂಂ ಅಂದ. ಬೈಯೋಕೆ ಲೈಸೆನ್ಸ್ ಸಿಕ್ತಲ್ಲ, ಯಾಕೆ ಬೇಡ ಅಂತಾನೆ?"

ಕುಂಡ ಜನಕ್ಕೂ ನಮಗೂ ಆ ಸಲಿಗೆ ಇಲ್ಲ. ಕಪಾಂಬ್ವೆ ನಮಗೆ ಬೈಗುಳದ ನೆಂಟನಲ್ಲ. ಯಾವತ್ತೂ ಆಗಿರಲಿಲ್ಲ.

ಬೆಳಗಿನ ಗುಂಡಿ ಕಣ್ಣಮುಂದೆ ಬಂತು. ಹಕ್ಕಿಲ್ಲದವನು ಹೆಣಕ್ಕೆ ಬೈದರೆ ಆ ಸಾವು ಅವನ ಮನೆಗೇ ಬರುತ್ತದೆ ಅಂತ ನಮ್ಮಲ್ಲಿ ಭಯ. ಬದುಕಿದ್ದವರಿಗೆಲ್ಲ ಸುಳ್ಳು ಹೇಳಿದವನಿಗೆ ಸತ್ತವನಿಗೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಹಿಂದೆ ಸರಿದ. ನಾನು ಅದನ್ನು ನೋಡಿದ್ದೆ, ನೋಡಿಯೂ ಇವಳ ಕಡೆ ಅವನ ಕಣ್ಣು ಯಾಕೆ ಅಂತ ಉರಿದುಕೊಂಡಿದ್ದೆ.

ಹಾಗಾದರೆ ಹೈನಾಗೆ ಹಾಕ್ತೀನಿ, ಮೊಸಳೆಗೆ ಹಾಕ್ತೀನಿ ಅಂದದ್ದು? ತಮಾಷೆಯಲ್ಲ. ದಿನವೂ, ಎಲ್ಲರ ಎದುರಿಗೇ, ಅವನು ನಿಜವನ್ನೇ ಹೇಳುತ್ತಿದ್ದ. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಏನೂ ತಿಳಿಯದ ಡಚ್ ಮುದುಕಿಯೊಬ್ಬಳು ಮಾತ್ರ ಹೆದರಿದಳು.

"ಅವನೇ ಕೊಂದಿದ್ದು," ಎಂದೆ. "ಗೊತ್ತಿದ್ದೂ ಅಣ್ಣ ಅಂತ ಸುಮ್ಮನಿದ್ದೀಯ."

"ಅಣ್ಣ ಅಂತ?" ಅವಳ ಕಣ್ಣು ಕೆಂಪಾಯಿತು. "ಲಾಮೆಕ್‌ನ ನಾನು ಮದುವೆ ಆಗೋಳಿದ್ದೆ. ಅವನನ್ನ ಕೊಂದವನು ಅಣ್ಣ ಆದರೂ ಸರಿ, ನಾನೇ ಹಿಡಿದುಕೊಡ್ತಿದ್ದೆ. ಅಣ್ಣನೊಬ್ಬನೇ ಮಾಡಿದ್ದು ಅಂತ ಗೊತ್ತಿದ್ದಿದ್ರೆ."

"ಒಬ್ಬನೇ ಅಂದ್ರೆ?"

"ಅವತ್ತು ಸಂಜೆ ಕಪಾಂಬ್ವೆ ಅಡುಗೆಮನೆಯಿಂದ ಬಂದು, ನನ್ನೆದುರಿಗೇ ಲಾಮೆಕ್‌ಗೆ ಒಂದು ಮಾತು ಹೇಳಿದ. ನಗ್ತಾನೇ ಹೇಳಿದ. 'ನಿಮ್ಮ ಜಾತಿ ಪೊಲೀಸು ಕರೀತಿದ್ದಾನೆ, ಜೆರೆ. ನದೀ ದಡಕ್ಕೆ ಬಾ, ಬೆಲಿಟಾ ವಿಷಯ ಅಲ್ಲೇ ತೀರಿಸ್ತೀನಿ ಅಂತಾನೆ.' ಲಾಮೆಕ್ ಕೂಡ ನಕ್ಕ. 'ಬರಲಿ, ಕೈ ಕುಲುಕಿ ಬರ್ತೀನಿ' ಅಂದು ಹೋದ."

"ಆಮೇಲೆ?" ಎಂದೆ.

"ಸ್ವಲ್ಪ ಹೊತ್ತಾದ ಮೇಲೆ ನನಗೆ ಭಯ ಆಯ್ತು. ಹಿಂದೆ ಓಡಿದೆ. ದಡದಲ್ಲಿ ಯಾರೂ ಇರಲಿಲ್ಲ. ಅವನು ದೋಣೀಲಿ ಬಿದ್ದಿದ್ದ, ಉಸಿರು ನಿಂತಿತ್ತು. ನನ್ನ ಬಟ್ಟೆ ಹೊದಿಸಿದೆ." ಅವಳು ಕೈ ನೋಡಿಕೊಂಡಳು. "ಆಮೇಲೆ ದೋಣೀನ ನೀರಿಗೆ ತಳ್ಳಿದೆ. ಮೊಸಳೆ ಎಳೆದುಬಿಡಲಿ, ನೀರಾನೆ ಒದ್ದು ಮುರೀಲಿ, ಯಾರಿಗೂ ಏನೂ ಗೊತ್ತಾಗದಿರಲಿ ಅಂತ."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ. ನೀನು ಮಾಡಿದ್ದೀಯ ಅಂದುಕೊಂಡೆ, ಡೌಜೆನಿ! ಒಂದು ಸಲ ನಿನ್ನ ಬಾಳು ಕೆಡಿಸಿದ್ದೆ. ಇನ್ನೊಂದು ಸಲ ನೇಣಿಗೆ ಹಾಕಿಸಲಾ?"

ಐದು ವರ್ಷ ನಾನು ಬೇಡಿಕೊಂಡಿದ್ದು ಇದೊಂದೇ, ಇವಳು ನನಗೋಸ್ಕರ ಏನಾದರೂ ಮಾಡಲಿ ಅಂತ. ಸಿಕ್ಕಿತು. ಹೀಗೆ ಸಿಕ್ಕಿತು. ಒಂದು ಕ್ಷಣ ನನಗೆ ಸಂತೋಷವೇ ಆಯಿತು, ಅದನ್ನು ಬರೆಯಲು ಈಗಲೂ ನಾಚಿಕೆ.

"ನಾನು ಕೊಂದಿಲ್ಲ ಬೆಲಿಟಾ."

"ಆ ಮಾತು ಹೇಳಿ ಕಳಿಸಿದ್ದು? ಅದನ್ನ ಹೇಳು. ಕಪಾಂಬ್ವೆ ಅದನ್ನ ಹುಟ್ಟಿಸಿಕೊಂಡು ಹೇಳಿದ್ನಾ, ನೀನು ಹೇಳಿದ್ದಾ?"

ಹುಟ್ಟಿಸಿಕೊಂಡಿರಲಿಲ್ಲ. ಹಿಂದಿನ ವಾರ ಕಪಾಟಾ ಸಂತೆಯಲ್ಲಿ ಜೋಳದ ಬಿಯರಿನ ಡಬ್ಬಿ ಕೈಯಲ್ಲಿ ಹಿಡಿದು ಅವನು ನನ್ನನ್ನು ಕೆಣಕಿದ್ದ: "ಏನೋ ಅಂಗೋನಿ, ನಿನ್ನ ಹುಡುಗೀನ ಇನ್ನೊಬ್ಬ ಅಂಗೋನಿ ಹಾರಿಸಿಕೊಂಡು ಹೋದ್ನಲ್ಲೋ, ನಿಮ್ಮ ಈಟಿಗೆ ತುಕ್ಕು ಹಿಡಿದಿದೆಯಾ?" ನಾನು ನಗುತ್ತಲೇ ಎದೆ ತಟ್ಟಿಕೊಂಡು ಹೇಳಿದ್ದೆ. ಅವಳು ಈಗ ಹೇಳಿದ ಮಾತುಗಳನ್ನೇ, ಹಾಗೆ ಹಾಗೇ ಹೇಳಿದ್ದೆ. ಸುತ್ತ ಇದ್ದವರೆಲ್ಲ ನಕ್ಕಿದ್ದರು. ಬೈಗುಳದ ನೆಂಟನಿಗೆ ಆಡಿದ ಮಾತು, ಯಾರು ಲೆಕ್ಕಕ್ಕಿಡುತ್ತಾರೆ?

ನೆಂಟನಲ್ಲದವನಿಗೆ ಆಡಿದ್ದರೆ ಇಡುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೋಕೊ ಸತ್ತ ಸಂಜೆ ನನಗೆ ರಜೆಯಿತ್ತು, ಮನೆಯಲ್ಲಿ ಒಬ್ಬನೇ ಮಲಗಿದ್ದೆ. ನೋಡಿದವರು ಯಾರೂ ಇಲ್ಲ.

"ಹೇಳು," ಎಂದಳು ಬೆಲಿಟಾ.

"ತಮಾಷೆಗೆ ಅಂದಿದ್ದೆ."

"ತಮಾಷೆಗೆ," ಎಂದಳು ಅವಳೂ. ನನ್ನ ಮುಖವನ್ನು ಓದುವವಳ ಹಾಗೆ ನೋಡಿದಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಜೀಪಿನ ಸದ್ದು ಕೇಳಿಸಿತು.

ಮಸಾವು ಮರದ ಕೆಳಗೆ ಜೀಪು ನಿಂತಿತು. ಮುಂದಿನಿಂದ ಕಮಾಂಡರ್ ಹಮೂಂಗಾ ಇಳಿದರು. ಹಿಂದಿನಿಂದ ಕಪಾಂಬ್ವೆ ಇಳಿದ. ಐಸು ತರಲು ಹೋದವನ ಕೈಯಲ್ಲಿ ಐಸು ಇರಲಿಲ್ಲ. ಅಡುಗೆಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು.

ಕಪಾಂಬ್ವೆ ನೇರ ನನ್ನ ಮುಂದೆ ಬಂದ. ಹಿರಿಯರಿಗೆ ಮಾಡುವ ಹಾಗೆ ಮಂಡಿ ಬಗ್ಗಿಸಿ ಎರಡು ಸಲ ಮೆಲ್ಲಗೆ ಚಪ್ಪಾಳೆ ತಟ್ಟಿದ.

"ನಮಸ್ಕಾರ ಬಾಂಬೊ ಜೆರೆ. ಆರೋಗ್ಯವಾಗಿದ್ದೀರಾ?"

ಇಷ್ಟು ವರ್ಷದಲ್ಲಿ ಅವನು ನನಗೆ ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಅಂದರೆ ಬೈಗುಳದ ನೆಂಟಸ್ತಿಕೆ ಮುಗಿದಿತ್ತು.

"ಜೆರೆ," ಎಂದರು ಕಮಾಂಡರ್, "ಈ ಮನುಷ್ಯ ತೆಪ್ಪದ ಹತ್ತಿರ ನನ್ನ ಜೀಪು ನಿಲ್ಲಿಸಿ ಒಂದು ವಿಷಯ ಹೇಳಿದ. ಈ ಹೆಂಗಸು ನಿಮಗೆ ಮದುವೆಗೆ ಗೊತ್ತಾಗಿದ್ದವಳು ಅಂತ ನೀವು ನನಗೆ ಹೇಳಲೇ ಇಲ್ಲ. ಅದು ಆಮೇಲೆ. ಈಗ ಒಂದೇ ಪ್ರಶ್ನೆ. ಸೋಕೊನ ನದೀ ದಡಕ್ಕೆ ಕರೆಸಿದ್ದು ನೀವಾ?"

ಹೌದು ಅಂದರೆ ನಾನು ಹೋದೆ. ಇಲ್ಲ ಅಂದರೆ ಸಂತೆಯೇ ಸಾಕ್ಷಿ ಹೇಳುತ್ತದೆ. ಇವನು ತಂಗಿಯನ್ನು ಉಳಿಸಿಕೊಳ್ಳಲು ನನ್ನನ್ನು ಕೊಡುತ್ತಿದ್ದಾನೆ ಎಂದು ಅರ್ಥವಾಯಿತು.

ಬೆಲಿಟಾ ನನ್ನನ್ನು ದಾಟಿ ಮೆಟ್ಟಿಲಿಳಿದಳು. ಕಮಾಂಡರ್ ಮುಂದೆ ನಿಂತು ಎರಡೂ ಕೈ ಚಾಚಿದಳು.

"ಅವರನ್ನ ಕೇಳಬೇಡಿ ಮೇಡಂ. ದೋಣಿ ತಳ್ಳಿದ್ದು ನಾನು. ಹೊಡೆದದ್ದೂ ನಾನೇ. ಬಟ್ಟೆ ನನ್ನದೇ ಅಲ್ವಾ?"

ಕಮಾಂಡರ್ ಸೊಂಟದಿಂದ ಕೋಳ ತೆಗೆದರು.

"ಸುಳ್ಳು!" ಕಪಾಂಬ್ವೆ ಕಿರುಚಿದ. "ಬಾಯಿ ಮುಚ್ಚೇ ತಂಗಿ! ನೀನಲ್ಲ, ನೀನು ಬಂದಾಗ ಅವನು ಆಗಲೇ ಸತ್ತಿದ್ದ!"

ಅಡುಗೆಮನೆಯ ಬಾಗಿಲಲ್ಲಿ ಯಾರೂ ನಗಲಿಲ್ಲ. ಕಮಾಂಡರ್ ನಿಧಾನವಾಗಿ ಅವನ ಕಡೆ ತಿರುಗಿದರು. "ಅದು ನಿನಗೆ ಹೇಗೆ ಗೊತ್ತು?" ಎಂದರು. ಕೋಳ ಮಾತ್ರ ಅಷ್ಟರಲ್ಲಿ ಬೆಲಿಟಾಳ ಕೈಗೆ ಬಿದ್ದಾಗಿತ್ತು, ಅವಳು ಅಣ್ಣನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.